ನೀಲಿ ಗುಂಡಿ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 7

ಗಿರಣಿಗೆ ಎಣ್ಣೆ ಹಾಕಿದೆ. ಸೋಮವಾರದ ಕೆಲಸ. ನಾಲ್ಕು ವರ್ಷದಿಂದ ಒಂದು ಕಾಳು ಬೀಸಿಲ್ಲ, ಎಣ್ಣೆ ಮಾತ್ರ ತಪ್ಪಿಸಿಲ್ಲ. ಬೆಲ್ಟ್ ಸಡಿಲ ಬಿಟ್ಟೆ, ಕಲ್ಲು ಒರೆಸಿದೆ, ಮತ್ತೆ ಗೋಣಿ ಹೊದಿಸಿದೆ. ಸ್ವಿಚ್ಚಿನ ಮೇಲೆ ಕಚೇರಿಯವರು ಹಾಕಿದ ಸೀಲು ಹಾಗೇ ಇದೆ. ಮುಟ್ಟಿಲ್ಲ. ಕಾನೂನು ಅಂದರೆ ನನಗೆ ಅಷ್ಟು ಗೌರವ... ಅದು ಯಾರ ಕೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿದ ಮೇಲೆ.

ಒಂಬತ್ತಕ್ಕೆ ಅರ್ಜಿ ಬರೆಸುವವರು ಬರುತ್ತಾರೆ. ಗಿರಣಿ ನಿಂತ ಮೇಲೆ ಕಚೇರಿ ಕಚೇರಿ ಅಲೆದು ಕಲಿತ ವಿದ್ಯೆ: ಯಾವ ಫಾರಂ, ಯಾವ ಮೇಜು, ಯಾವ ನಿಯಮ, ಯಾವ ಗುಮಾಸ್ತ ಎಷ್ಟು ಗಂಟೆಗೆ ಮೇಲೇಳುತ್ತಾನೆ. ಈಗ ಅದೇ ಹೊಟ್ಟೆಪಾಡು. ಬೀದಿಗೆ ಮಾತ್ರ ನಾನಿನ್ನೂ ಗಿರಣಿಯಕ್ಕ. ಹಿಟ್ಟಿಲ್ಲದ ಗಿರಣಿಯಕ್ಕ.

ಪಕ್ಕದಲ್ಲೇ ಅಕ್ಕನ ಗಂಡ, ನನ್ನ ಭಾವನ ಕಾಂಪ್ಲೆಕ್ಸ್. ಕೆಳಗೆ ಆರು ಶಟರ್, ಮೇಲೆ ಮನೆ, ಮೂಲೆಯಲ್ಲಿ ಅಕ್ಕನ ಹೊಲಿಗೆ ಕೋಣೆ. ಹತ್ತು ವರ್ಷದ ಹಿಂದೆ ಇದೆಲ್ಲ ಜೋಳದ ಹೊಲ. ಆಗ ಇಲ್ಲಿದ್ದದ್ದು ನನ್ನ ಗಿರಣಿಯೊಂದೇ. ಊರು ಬೆಳೆದು ನನ್ನ ಹತ್ತಿರ ಬಂತು, ನಾನು ಊರ ಹತ್ತಿರ ಹೋಗಲಿಲ್ಲ.

ಭಾವ ನನ್ನ ಜಾಗ ಪಾರ್ಕಿಂಗಿಗೆ ಕೇಳಿದರು. ಕೊಡಲ್ಲ ಅಂದೆ. ಎರಡು ತಿಂಗಳಿಗೆ ಕಚೇರಿಗೆ ದೂರು ಹೋಯಿತು. ವಾಸದ ಜಾಗದಲ್ಲಿ ಗಿರಣಿ, ಸದ್ದು, ಹಿಟ್ಟು ಹಾರುತ್ತದೆ, ಮುಚ್ಚಿಸಿ. ಸಹಿ ‘ನೊಂದ ನಿವಾಸಿ’. ಗುಮಾಸ್ತ ಕಾಗದ ತೋರಿಸಿದ. ‘ವಾಸದ ಪ್ರಧೇಶ’ ಎಂದಿತ್ತು. ಆ ‘ದ’ದ ಹೊಟ್ಟೆ ಸೀಳಿ ಬರೆಯುವವರು ನಮ್ಮ ಬಳಗದಲ್ಲಿ ಒಬ್ಬರೇ. ಅವರ ಬಾಡಿಗೆ ಕರಾರುಗಳಲ್ಲೆಲ್ಲ ಆ ಪಾಪದ ಅಕ್ಷರದ ಹೊಟ್ಟೆ ಸೀಳಿಯೇ ಇರುತ್ತದೆ.

ಅದೇ ವಾಸದ ಜಾಗದಲ್ಲಿ ಆರು ಶಟರ್ ಹಾಕಿದವರು ಅವರು. ಕಡತದಲ್ಲಿ ಅದು ಮನೆ. ಮನೆಗಂದಾಯ ಕಟ್ಟುತ್ತಾರೆ. ಬೀದಿಯಲ್ಲಿ ಎಲ್ಲರೂ ಹಾಗೇ. ದೂರು ಕೊಡುವವರಿಲ್ಲದಿದ್ದರೆ ಅಂಗಡಿಯೂ ಮನೆಯೇ.

ನಾನು ದೂರು ಕೊಡಲಿಲ್ಲ. ಅಕ್ಕನ ಮುಖ ನೋಡಿ ಸುಮ್ಮನಿದ್ದೆ. ಸುಮ್ಮನಿರುವುದೂ ಒಂದು ಥರ ಎಣ್ಣೆ ಹಾಕುವುದೇ.

ಫೆಬ್ರವರಿ 6. ಮಧ್ಯಾಹ್ನ

ಭಾವನ ಜೊತೆ ಇವತ್ತು ಎರಡೇ ಮಾತು ಆಡಿದೆ. ಇಡೀ ಬೀದಿ ಮುಚ್ಚಿತು.

ಹನ್ನೊಂದರ ಹೊತ್ತಿಗೆ ಒಬ್ಬ ಹೆಂಗಸು ಬಂದರು. ನಡುವಯಸ್ಸು, ಕೊರಳಲ್ಲಿ ಕಾರ್ಡು, ಕೈಯಲ್ಲಿ ಟ್ಯಾಬ್. ಬೀದಿಗೆ ಮೊದಲ ಬಾಗಿಲು ನನ್ನದೇ.

“ಈ ಕಟ್ಟಡ ಏನಕ್ಕೆ ಬಳಸ್ತೀರಿ?”

“ಯಾಕೆ ಮೇಡಂ?”

“ಹೊಸ ನಗರ ಯೋಜನೆ. ಈಗ ಯಾವ ಬಳಕೆ ಇದೆಯೋ ಅದೇ ನಕ್ಷೆಗೆ ಹೋಗುತ್ತೆ. ಮನೆಯಾದರೆ ಹಳದಿ, ಅಂಗಡಿಯಾದರೆ ನೀಲಿ.”

ಒಳಗೆ ಕರೆದು ಗೋಣಿ ಎತ್ತಿ ತೋರಿಸಿದೆ. “ಗಿರಣಿ. ಬರ್ಕೊಳ್ಳಿ.”

“ಸೀಲ್ ಆಗಿದೆಯಲ್ಲಮ್ಮ?”

“ಸೀಲ್ ಆಗಿರೋದು ಸ್ವಿಚ್ಚು. ಗಿರಣಿ ಗಿರಣಿಯೇ.”

ನಕ್ಕರು. ಬರೆದುಕೊಂಡರು. ಗಾಜಿನ ಮೇಲೆ ಬೆರಳಲ್ಲಿ ಸಹಿ ಮಾಡಿಸಿಕೊಂಡು ಹೊರಗೆ ನಿಂತು ಫೋಟೋ ತೆಗೆಯುತ್ತಿದ್ದರು. ಅಷ್ಟರಲ್ಲಿ ಭಾವ, ತಮ್ಮ ಮೆಟ್ಟಿಲ ಮೇಲಿಂದ —

“ಯಾರೇ ಅದು?”

ನಾಲ್ಕು ವರ್ಷದಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ. ಯೋಚನೆ ಮಾಡಲಿಲ್ಲ. ನಾಲಿಗೆ ತಾನೇ ಯೋಚನೆ ಮಾಡಿ ಇಟ್ಟಿತ್ತೋ ಏನೋ.

“ಟ್ಯಾಕ್ಸ್‌ನವರು, ಭಾವ.”

ಅಷ್ಟೆ. ಆರು ಶಟರೂ ಗಡಗಡನೆ ಇಳಿದವು. ನನ್ನ ಲೆಕ್ಕದಲ್ಲಿ ಇದ್ದದ್ದು ಆ ಆರೇ. ಆದರೆ ಭಾವ ಬೇಕರಿಯವನಿಗೆ ಕೂಗಿದರು, ಬೇಕರಿಯವ ಕ್ಷೌರದಂಗಡಿಯವನಿಗೆ, ಅವನು ಟೈರಿನವನಿಗೆ. ಹತ್ತು ನಿಮಿಷದಲ್ಲಿ ಮೂವತ್ತೊಂದು ಶಟರ್. ಎಣಿಸಿದೆ. ಟೈರಿನವ ಅಂಗಡಿ ಮುಂದೆ ಮಂಚ ಹಾಕಿ ಮಲಗಿಯೇಬಿಟ್ಟ, ಕೈಯೆಲ್ಲ ಗ್ರೀಸು. ಕ್ಷೌರದಂಗಡಿಯವ ಅರ್ಧ ಗಡ್ಡದ ಗಿರಾಕಿಯನ್ನು “ನಮ್ಮ ಮಾವ” ಎಂದ. ಬೇಕರಿಯವನ ಹಿಂದೆ ನೂರು ಬ್ರೆಡ್ಡು.

“ಇಷ್ಟು ಬ್ರೆಡ್ಡು?”

“ಮನೇಲಿ ಎಲ್ರಿಗೂ ಹಸಿವು ಜಾಸ್ತಿ ಮೇಡಂ.”

“ಇಲ್ಲಿ ಎಲ್ಲರ ಮನೆಗೂ ಶಟರ್ ಇದೆಯಲ್ಲ?”

“ಕಳ್ಳರ ಕಾಟ ಮೇಡಂ.”

ಭಾವ ಅಂತೂ ಎಲ್ಲರಿಗಿಂತ ಜೋರು. “ಪೂರ್ತಿ ವಾಸಕ್ಕೆ. ಕೆಳಗೂ ಮೇಲೂ ನಮ್ಮ ಕುಟುಂಬವೇ.” ಬೆರಳಲ್ಲಿ ಸಹಿ. ಉದ್ದದ ಸಹಿ, ಕೆಳಗೆ ಎರಡು ಗೆರೆ.

ಮೇಡಂ ಬೀದಿಯ ಕೊನೆ ಮುಟ್ಟುವವರೆಗೂ ನಿಂತು ನೋಡಿದೆ. ಓಡಿಹೋಗಿ ಹೇಳಬಹುದಿತ್ತು. ಚಪ್ಪಲಿ ಬಾಗಿಲಲ್ಲೇ ಇತ್ತು.

ಫೆಬ್ರವರಿ 7

ಭಾವ ಬೇಕರಿಯ ಮುಂದೆ ನಿಂತು, ಟ್ಯಾಕ್ಸ್‌ನವರಿಗೆ ಹೇಗೆ ಮಣ್ಣು ಮುಕ್ಕಿಸಿದೆ ಎಂದು ಹೇಳುತ್ತಿದ್ದಾರೆ. ಬೀದಿ ನಗುತ್ತಿದೆ. ನಾನೂ ನಕ್ಕೆ. ನನ್ನ ನಗು ಸ್ವಲ್ಪ ತಡವಾಗಿ ಬಂದಿರಬೇಕು, ಅಕ್ಕ ಕಿಟಕಿಯಿಂದ ನೋಡಿದಳು.

ಏಪ್ರಿಲ್ 21

ಕರಡು ನಕ್ಷೆ ಬಂತು. ಪುರಭವನದ ಗೋಡೆ ತುಂಬ ಅಂಟಿಸಿದ್ದಾರೆ. ನಮ್ಮ ಬೀದಿ ಆ ತುದಿಯಿಂದ ಈ ತುದಿಗೆ ಹಳದಿ. ಎಷ್ಟು ಹಳದಿ ಅಂದರೆ ಕಾಮಾಲೆ ಹಿಡಿದ ಹಾಗೆ. ಮೊದಲಲ್ಲಿ ಒಂದೇ ಒಂದು ಚೌಕ ನೀಲಿ.

ಕೆಳಗೆ ಸಣ್ಣಕ್ಷರ. ಹಳದಿಯಲ್ಲಿ ವ್ಯಾಪಾರಕ್ಕೆ ಇನ್ನು ಪರವಾನಗಿ ಇಲ್ಲ, ಇರುವ ಅಂಗಡಿಗಳಿಗೆ ಒಂದು ವರ್ಷ ಗಡುವು. ಆಕ್ಷೇಪಣೆ ಇದ್ದರೆ ಮೂವತ್ತು ದಿನದೊಳಗೆ. ಓದಿದೆ. ಇನ್ನೊಂದು ಸಲ ಓದಿದೆ, ರುಚಿಗೆ.

ಭಾವ ನೆಲಮಹಡಿಯನ್ನು ಒಂದು ಬ್ಯಾಂಕಿಗೆ ಕೊಡಲು ಮಾತು ಮುಗಿಸಿದ್ದರು. ಹದಿನೈದು ವರ್ಷದ ಕರಾರು. ಬ್ಯಾಂಕಿನವರು ನಕ್ಷೆ ನೋಡಿಯೇ ಸಹಿ ಹಾಕುವುದು. ಹಳದಿ ಮನೆಯಲ್ಲಿ ಬ್ಯಾಂಕು ಕೂರುವುದಿಲ್ಲ.

ಬರುವಾಗ ನಡೆದುಕೊಂಡೇ ಬಂದೆ. ಕಾಲು ಹಗುರ.

ಏಪ್ರಿಲ್ 22. ಸಂಜೆ 4

ಅಕ್ಕ ಬಂದಳು. ಕೊರಳಲ್ಲಿ ಅಳತೆ ಟೇಪು, ಸೆರಗಿನಲ್ಲಿ ಸೂಜಿ. ಫೋನಿನಲ್ಲಿ ನಕ್ಷೆಯ ಫೋಟೋ. ಬೆರಳಲ್ಲಿ ಎಳೆದು ದೊಡ್ಡದು ಮಾಡಿದಳು.

“ಇಡೀ ಹಳದಿ ಬಟ್ಟೇಲಿ ನಿಂದೊಂದೇ ನೀಲಿ ಗುಂಡಿ ಕಣೆ.”

ಅವಳು ಅಂದದ್ದು ಅಂಗಿಗೆ ಹೊಲಿಯುವ ಗುಂಡಿ. ನನಗೆ ಕೇಳಿಸಿದ್ದು ನೆಲದಲ್ಲಿ ತೋಡುವುದು.

“ನನ್ನ ಕೋಣೇನೂ ಹೋಗುತ್ತಾ?” ಅಂದಳು.

ಮೂರು ಮೆಷಿನ್ನು, ಒಂದು ಇಸ್ತ್ರಿ ಮೇಜು. ಆ ಮನೆಯಲ್ಲಿ ಅವಳದು ಅಂತ ಇರುವುದು ಅದೊಂದೇ. ಇಪ್ಪತ್ತು ವರ್ಷ ಹೊಲಿದು ಕಟ್ಟಿದ್ದು. ಅದು ಕಾಂಪ್ಲೆಕ್ಸಿನ ಮೂಲೆಯಲ್ಲಿದೆ, ಭಾವನ ಹಳದಿಯಲ್ಲೇ ಅವಳದೂ ಎಂಬುದು... ನನ್ನ ಲೆಕ್ಕದಲ್ಲಿ ಬರಲೇ ಇಲ್ಲ. ಲೆಕ್ಕ ಹಾಕುವವಳು ನಾನು, ಮೂವತ್ತೊಂದು ಶಟರ್ ಎಣಿಸಿದವಳು. ಅಕ್ಕನ ಕೋಣೆಗೆ ಶಟರ್ ಇಲ್ಲ, ಬಾಗಿಲು. ಅದಕ್ಕೇ ಎಣಿಕೆಗೆ ಸಿಗಲಿಲ್ಲ.

“ಹೋಗಲ್ಲ. ಆಕ್ಷೇಪಣೆ ಬರೀತೀನಿ,” ಅಂದೆ.

“ಬರಿ,” ಅಂದಳು. ಮತ್ತೆ ಏನೂ ಕೇಳಲಿಲ್ಲ. ಅಕ್ಕ ಕೇಳದೇ ಬಿಟ್ಟದ್ದು ಕೇಳಿದ್ದಕ್ಕಿಂತ ಹೆಚ್ಚು ಹೊತ್ತು ಕಿವಿಯಲ್ಲಿರುತ್ತದೆ.

ಏಪ್ರಿಲ್ 24

ಬೀದಿ ನನ್ನ ಜಗಲಿಗೆ ಬಂತು. ಭಾವ ಒಬ್ಬರನ್ನು ಬಿಟ್ಟು.

ಬೇಕರಿಯವ: “ನೀವೊಬ್ರೇ ಹೇಗೆ ನೀಲಿ, ಗಿರಣಿಯಕ್ಕ?”

“ಕೇಳಿದ್ರು, ಇದ್ದದ್ದು ಹೇಳ್ದೆ. ನೀವೇನಂದ್ರಿ?”

“ಮನೆ ಅಂದೆ.”

“ಹಾಗಾದ್ರೆ ಮನೆಗೆ ಹೋಗಿ.”

ಯಾರೂ ನಗಲಿಲ್ಲ. ಟೈರಿನವ ಕೇಳಿದ, “ಅಲ್ಲಾ, ಟ್ಯಾಕ್ಸ್‌ನವರು ಅಂತ ಮೊದಲು ಅಂದದ್ದು ಯಾವ ಪುಣ್ಯಾತ್ಮ?” ಅವನು ಕ್ಷೌರದಂಗಡಿಯವನನ್ನು ನೋಡಿದ, ಅವನು ಬೇಕರಿಯವನನ್ನು. ಬೇಕರಿಯವ ಕಾಂಪ್ಲೆಕ್ಸಿನ ಕಡೆ ಗಲ್ಲ ಎತ್ತಿದ. “ಅವರೇ ಕೂಗಿದ್ದು.” ಎಲ್ಲರೂ ಆ ಕಡೆ ತಿರುಗಿದರು. ನಾನು ಪೆನ್ನಿನ ಮುಚ್ಚಳ ತೆಗೆದೆ.

“ಬರೆಯೋಣವಾ?”

ಒಂಬತ್ತು ಅರ್ಜಿ ಇವತ್ತು. ಎಲ್ಲದರಲ್ಲೂ ಒಂದೇ ಒಕ್ಕಣೆ: ಸಮೀಕ್ಷೆಯ ದಿನ ತಪ್ಪು ತಿಳಿವಳಿಕೆಯಿಂದ ತಪ್ಪು ಹೇಳಿಕೆ ಕೊಟ್ಟಿರುತ್ತೇನೆ. ಬರೆಯುವಾಗ ಒಂದು ಅಕ್ಷರವೂ ತಪ್ಪಲಿಲ್ಲ. ಇದನ್ನೂ ಇಲ್ಲಿ ಬರೆದಿಡುತ್ತೇನೆ.

ಮೇ 15. ಬೆಳಿಗ್ಗೆ 10

ಭಾವ ಬಂದರು. ಗಡುವಿನ ಇಪ್ಪತ್ತೈದನೇ ದಿನ. ಹೊಸ್ತಿಲ ಆಚೆಯೇ ನಿಂತರು.

“ಬ್ಯಾಂಕಿನವರು ಹಿಂದೆ ಸರಿದರು.”

“ಹೌದಾ ಭಾವ.”

“ಎಲ್ಲರಿಗೂ ಬರೆದುಕೊಟ್ಟಿದ್ದೀಯಂತೆ. ನಂದೂ ಒಂದು ಬರೆದುಬಿಡು.”

ಈ ವಾಕ್ಯಕ್ಕೆ ನಾಲ್ಕು ವರ್ಷ ಕಾದಿದ್ದೆ. ಕೇಳಿದಾಗ ಎಷ್ಟು ಚಿಕ್ಕದಾಗಿತ್ತು. ಕುರ್ಚಿ ಹಾಕಿದೆ. ಬಿಳಿ ಹಾಳೆ, ಪೆನ್ನು, ಹಾಳೆಯ ಕೆಳಗೆ ರಟ್ಟು.

“ನೀವೇ ಬರೀರಿ ಭಾವ. ನಿಮ್ಮ ಅಕ್ಷರ ಚೆನ್ನಾಗಿದೆ. ನಾನು ಹೇಳ್ತಾ ಹೋಗ್ತೀನಿ.”

ಬರೆದರು. ಹೇಳಿದೆ, ನಿಧಾನವಾಗಿ, ಮೇಷ್ಟ್ರು ಉಕ್ತಲೇಖನ ಕೊಡುವ ಹಾಗೆ. “ಸದರಿ ಕಟ್ಟಡವು... ವಾಸದ... ಪ್ರದೇಶದಲ್ಲಿದ್ದರೂ...” ಪೆನ್ನು ‘ದ’ ಬರೆಯಿತು. ಕೆಳಗೆ ಹೋಯಿತು. ಹೊಟ್ಟೆ ಸೀಳಿತು.

“ಆ ಅಕ್ಷರ ನನಗೆ ಪರಿಚಯ, ಭಾವ.”

ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಗಾಯಿತು. ಹಿಂದೆ ಗೋಣಿ ಹೊದ್ದ ಗಿರಣಿ, ಮುಂದೆ ಅವರು, ನಡುವೆ ನಾನು ರಟ್ಟು ಹಿಡಿದುಕೊಂಡು. ಆ ನಿಮಿಷ ಇನ್ನೂ ಸ್ವಲ್ಪ ಎಳೆಯಬಹುದಿತ್ತು.

“ಮುಂದೆ ಹೇಳು,” ಅಂದರು.

ಹೇಳಿದೆ.

ಹೋಗುವಾಗ ಹೊಸ್ತಿಲಲ್ಲಿ ತಿರುಗಿದರು. “ಟ್ಯಾಕ್ಸ್‌ನವರು ಅಂತ ನೀನೇ ಅಂದದ್ದು.”

“ನೀವೇ ಬೀದಿಗೆ ಕೂಗಿದ್ದು.”

ಲೆಕ್ಕ ಸಮ ಅನ್ನಿಸಿತು. ಅನ್ನಿಸಿದ್ದು ಒಂದು ಕ್ಷಣ.

ಜೂನ್ 12. ಮಧ್ಯಾಹ್ನ 3. ಈಗ ತಾನೇ ಬಂದೆ

ವಿಚಾರಣೆ. ಪುರಭವನದಲ್ಲಿ ಪ್ಲಾಸ್ಟಿಕ್ ಕುರ್ಚಿ, ಬೀದಿಯೆಲ್ಲ ಇಸ್ತ್ರಿ ಅಂಗಿಯಲ್ಲಿ. ಯೋಜನಾಧಿಕಾರಿ ಸಣ್ಣ ಮನುಷ್ಯ, ದೊಡ್ಡ ಕನ್ನಡಕ. ಬೀದಿಯ ಅರ್ಜಿಗಳೆಲ್ಲ ಮೇಜಿನ ಮೇಲೆ.

“ಎಲ್ಲರೂ ಅವತ್ತು ಮನೆ ಅಂತ ಸಹಿ ಮಾಡಿದ್ದೀರಿ. ಇವತ್ತು ಅಂಗಡಿ ಅಂತೀರಿ. ನಾನು ಯಾವ ನಿಮ್ಮನ್ನ ನಂಬಲಿ?”

ಟೈರಿನವ ಎದ್ದ. “ಟ್ಯಾಕ್ಸ್‌ನವರು ಅಂದ್ಕೊಂಡ್ವಿ ಸಾರ್.”

“ನಮ್ಮ ಸಿಬ್ಬಂದಿ ಹಾಗಂದ್ರಾ?”

ಇಲ್ಲ. ಮತ್ತೆ ಯಾರು? ಒಬ್ಬೊಬ್ಬರಾಗಿ ಪಕ್ಕದವರ ಮೇಲೆ ಹಾಕುತ್ತ ಬಂದರು. ಬೇಕರಿಯವನ ಹತ್ತಿರ ಬಂದು ಭಾವನ ಹತ್ತಿರ ನಿಂತಿತು.

ಭಾವ ಎದ್ದರು. “ನನ್ನ ನಾದಿನಿ ಹೇಳಿದ್ದು. ಇಲ್ಲೇ ಕೂತಿದ್ದಾಳೆ. ನಕ್ಷೇಲಿ ನೀಲಿ ಇರೋದೂ ಇವಳೊಬ್ಬಳದೇ. ನೀವೇ ಯೋಚನೆ ಮಾಡಿ ಸಾರ್.”

ಇಡೀ ಸಭೆ ನನ್ನ ಕಡೆ. ಆ ನೀಲಿ ಚೌಕ ನನ್ನ ಹಣೆಗೇ ಅಂಟಿಸಿದ ಹಾಗೆ. ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು.

“ಹೌದೇನಮ್ಮಾ?”

ಮಾತಲ್ಲಿ ಬದುಕಿದವಳು ನಾನು. ಕಲ್ಲಿಗೂ ಕಾಳಿಗೂ ಮಾತು ಕಲಿಸುತ್ತೇನೆ ಅನ್ನುತ್ತಿದ್ದರು. ಎದ್ದು ನಿಂತೆ. ಮೊದಲ ಮಾತು ಹುಡುಕುವಷ್ಟರಲ್ಲಿ —

“ಅವಳಲ್ಲ ಸಾರ್. ನಾನು.”

ಹಿಂದಿನ ಸಾಲಿನಿಂದ. ಅಕ್ಕ. ನಿಂತಿದ್ದಳು, ಕೊರಳಲ್ಲಿ ಟೇಪು ಹಾಗೇ ಇತ್ತು. ತೆಗೆದಿಟ್ಟು ಬರಲು ಮರೆತಿದ್ದಾಳೆ.

“ಇವರು ಮೆಟ್ಟಿಲ ಮೇಲೆ ನಿಂತು ಯಾರು ಅಂತ ಕೇಳಿದ್ರು. ಕಿಟಕಿಯಿಂದ ನಾನು ಟ್ಯಾಕ್ಸ್‌ನವರು ಅಂದೆ. ಹಾಗೇ ಅಂದ್ಕೊಂಡೆ, ಅಂದೆ. ತಪ್ಪಾಯ್ತು.”

ಭಾವ: “ಏನೇ ಇದು? ನನ್ನ ಕಿವೀಲೇ ಕೇಳಿದ್ದು, ಅವಳ ದನಿ!”

“ನಮ್ಮಿಬ್ಬರ ದನಿ ಒಂದೇ ಥರ ಸಾರ್. ಇವರಿಗೆ ನನ್ನ ದನಿ ಅಷ್ಟಾಗಿ ಪರಿಚಯವಿಲ್ಲ.”

ಸಭೆ ಬಿದ್ದು ಬಿದ್ದು ನಕ್ಕಿತು. ಅಧಿಕಾರಿಯೂ. ಭಾವ ನಿಂತೇ ಇದ್ದರು, ಕೂರುವುದು ಹೇಗೆ ಎಂದು ಮರೆತವರ ಹಾಗೆ.

ತೀರ್ಪು: ಎಂಟು ತಿಂಗಳಲ್ಲಿ ಮರುಸಮೀಕ್ಷೆ. ಅಲ್ಲಿಯವರೆಗೆ ಇರುವ ಅಂಗಡಿ ನಡೆಯಲಿ, ಹೊಸ ಬಾಡಿಗೆ ಕರಾರು ಬೇಡ. ಬೀದಿ ಉಳಿಯಿತು. ಬ್ಯಾಂಕು ಹೋಯಿತು. ಅಕ್ಕನ ಹೇಳಿಕೆ ದಾಖಲಾಯಿತು. ತಿದ್ದುಪಡಿ ಏನಾದರೂ ಇದ್ದರೆ ಹದಿನೈದು ದಿನದೊಳಗೆ ಬರಹದಲ್ಲಿ.

ಜೂನ್ 13

“ಯಾಕೆ ಹಾಗಂದೆ ಅಕ್ಕಾ?”

“ನಿನಗೋಸ್ಕರ ಅಂತ ಹಿಗ್ಗಬೇಡ.” ದಾರ ಕಚ್ಚಿ ಹರಿದಳು. “ಅವರ ಮುಖ ನೋಡಿದ್ಯಾ? ಮೂವತ್ತು ವರ್ಷದಲ್ಲಿ ನಾನು ಆಡಿದ ಮಾತು ಜನ ಕೇಳಿಸಿಕೊಂಡದ್ದು ನಿನ್ನೆ.”

ಬೇಕರಿಯಿಂದ ಟೈರಿನಂಗಡಿವರೆಗೆ ಒಂದೇ ಮಾತು: ಹೆಂಡತಿಯೇ ಮುಳುಗಿಸಿದಳು. ಯಾರ ಬಾಯಲ್ಲೂ ನಾನಿಲ್ಲ. ನಾಲ್ಕು ವರ್ಷ ಬೀಸಿ ಬೀಸಿ ರಾಶಿ ಹಾಕಿದ ಸೇಡು. ಅಕ್ಕ ಬಂದು ಒಂದೇ ಮಾತಲ್ಲಿ ಚೀಲಕ್ಕೆ ತುಂಬಿಕೊಂಡು ಹೋದಳು. ನನ್ನ ಕೈಯಲ್ಲಿ ಬರೀ ಹಿಟ್ಟಿನ ಬಿಳಿ. ಹೊಟ್ಟೆಕಿಚ್ಚಾಗುತ್ತಿದೆ. ನಾಚಿಕೆಯೂ. ಯಾವುದು ಎಷ್ಟು, ತೂಗಿ ನೋಡುವ ಧೈರ್ಯವಿಲ್ಲ.

ಜೂನ್ 16

ಭಾವ ಹೊಲಿಗೆ ಕೋಣೆಗೆ ಬೀಗ ಹಾಕಿದರು. ಮೂರು ಮೆಷಿನ್ನೂ ಒಳಗೆ, ಗಿರಾಕಿಗಳ ಕತ್ತರಿಸಿಟ್ಟ ಬಟ್ಟೆಯೂ ಒಳಗೆ. ಅಕ್ಕ ಒಂದು ಚೀಲ ಹಿಡಿದು ನನ್ನ ಮನೆಗೆ ಬಂದಳು. ಎರಡು ಸೀರೆ, ಟೇಪು, ಕತ್ತರಿ.

“ಬಟ್ಟೆಗಿಂತ ಕತ್ತರಿ ಮೊದಲು ಇಟ್ಕೊಂಡೆ,” ಅಂದಳು. ನಕ್ಕಳು. ಸ್ನಾನದ ಮನೆಯಲ್ಲಿ ನೀರು ಬಿಟ್ಟುಕೊಂಡು ತುಂಬ ಹೊತ್ತು ಇದ್ದಳು.

ಜೂನ್ 24. ಮಧ್ಯಾಹ್ನ

ಅಕ್ಕ ದಾರ ತರಲು ಹೋದಾಗ ಭಾವ ಬಂದರು. ಈ ಸಲ ಒಳಗೇ ಬಂದು ಕೂತರು. ಗಡ್ಡ ಬಿಟ್ಟಿದ್ದಾರೆ.

“ಬೀದೀಲಿ ಹೋದರೆ ಕೇಳ್ತಾರೆ, ‘ದನಿ ಪರಿಚಯ ಆಯ್ತಾ?’ ಅಂತ. ಕ್ಷೌರಕ್ಕೆ ಹೋಗೋದೇ ಬಿಟ್ಟೆ.”

ನೀರು ತಂದಿಟ್ಟೆ.

“ಅಂದದ್ದು ನೀನು. ನಿನಗೂ ಗೊತ್ತು, ನನಗೂ ಗೊತ್ತು. ಬರೆದುಕೊಡು. ಇಪ್ಪತ್ತೇಳಕ್ಕೆ ಗಡುವು. ಅವಳ ಕೋಣೆ ಬೀಗ ತೆಗೀತೀನಿ. ನಿನ್ನ ಗಿರಣಿ ಸೀಲು ತೆಗೆಯೋಕೆ ಪಕ್ಕದವರ ಒಪ್ಪಿಗೆ ಬೇಕಲ್ಲ, ಅದಕ್ಕೂ ಸಹಿ ಹಾಕ್ತೀನಿ.”

“ಬರೀದಿದ್ರೆ?”

“ಅವಳು ನಿನ್ನ ಮನೇಲೇ ಇರಲಿ. ಗಿರಣಿಗೆ ನೀನು ಎಣ್ಣೆ ಹಾಕ್ತಾ ಇರು.”

ಜೀವನದಲ್ಲಿ ಮೊದಲ ಸಲ ಸತ್ಯ ಬರೆಯುವುದಕ್ಕೆ ಲಂಚ. ಬರೆದರೆ ಅಕ್ಕನಿಗೆ ಕೋಣೆ, ನನಗೆ ಗಿರಣಿ, ಅವರಿಗೆ ಮಾನ. ಬರೆಯದಿದ್ದರೆ ಮೂವರಿಗೂ ಸೊನ್ನೆ. ಕೂಡಿಸಿ ಕಳೆದರೆ ಬರೆಯುವುದೇ ಸರಿ. ಅವರಿಗೆ ಸಿಗುವ ಆ ಮೂರನೆಯದು ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ.

ಎದ್ದು ಹೋಗುವಾಗ, ನನ್ನ ಕಡೆ ನೋಡದೆ ಕೇಳಿದರು. “ಅವಳು ಯಾಕೆ ಹಾಗಂದಳು?”

ಗೊತ್ತಿತ್ತು. ಹೇಳಲಿಲ್ಲ. ನಾನು ಕೊಟ್ಟ ಪೆಟ್ಟುಗಳಲ್ಲಿ ಇದೇ ಆಳದ್ದಿರಬೇಕು.

ಜೂನ್ 26

ಅಕ್ಕನಿಗೆ ಹೇಳಿದೆ, ಬರೆಯುತ್ತೇನೆ ಅಂತ. ಮೆಷಿನ್ನು ವಾಪಸು ಬರುತ್ತದೆ ಅಂತ. ಕೇಳಿಸಿಕೊಂಡಳು. “ಹಾಳೆ ದಪ್ಪದ್ದು ತಗೋ,” ಅಂದಳು, ಅಷ್ಟೆ. ಯಾಕೆಂದು ಹೊಳೆಯಲಿಲ್ಲ.

ಜೂನ್ 27. ಸಂಜೆ 4.20

ಕಚೇರಿ ಐದಕ್ಕೆ ಮುಚ್ಚುತ್ತದೆ. ನಡೆದರೆ ಹತ್ತು ನಿಮಿಷ. ಭಾವ ಹೊರಗೆ ಜಗಲಿಯ ಮೇಲೆ ಕೂತಿದ್ದಾರೆ, ಬೆರಳಲ್ಲಿ ಬೀಗದ ಕೈ ತಿರುಗಿಸುತ್ತ. ಕಾಗದ ತಾವೇ ತಲುಪಿಸುತ್ತಾರಂತೆ.

ಬರೆದೆ. ಮುನ್ನೂರು ಅರ್ಜಿ ಬರೆದ ಕೈ, ಈ ಒಂದಕ್ಕೆ ಅರ್ಧ ಗಂಟೆ. ‘ಈ ಕೆಳಗೆ ಸಹಿ ಮಾಡಿರುವ ನಾನು, ಸಮೀಕ್ಷೆಯ ದಿನ, ಗೊತ್ತಿದ್ದೂ, ಬೇಕೆಂದೇ...’ ಸಹಿಯನ್ನೂ ಹಾಕಿದೆ.

ಅಕ್ಕ ತೆಗೆದುಕೊಂಡು ಓದಿದಳು. ಎರಡು ಸಲ. ತಿರುಗಿಸಿ ಮೇಜಿನ ಮೇಲೆ ಹರಡಿದಳು. ಖಾಲಿ ಬೆನ್ನ ಮೇಲೆ ಟೇಪು ಇಟ್ಟು ಪೆನ್ಸಿಲ್ಲಲ್ಲಿ ಗೆರೆ ಹಾಕಿದಳು — ಒಂದು ಅರ್ಧಚಂದ್ರ, ಎರಡು ಚೂಪು.

“ಏನು ಮಾಡ್ತಿದ್ದೀಯೇ?”

“ಕಾಲರ್‌ಗೆ ಅಚ್ಚು ಬೇಕಿತ್ತು.”

ಕತ್ತರಿ ನಡೆಯಿತು. ನಿಧಾನ, ಗೆರೆ ತಪ್ಪದೆ. ‘ಗೊತ್ತಿದ್ದೂ’ ಒಂದು ಕಡೆ ಬಿತ್ತು, ‘ಬೇಕೆಂದೇ’ ಇನ್ನೊಂದು ಕಡೆ. ತಡೆಯಬಹುದಿತ್ತು. ಅವಳ ಕೈ ಹಿಡಿದಿದ್ದರೆ ಸಾಕಿತ್ತು.

“ಮೆಷಿನ್ನು, ಅಕ್ಕಾ...”

“ಕೈಯಲ್ಲೂ ಹೊಲೀಬಹುದು. ಆ ಮಾತು ನಂದು ಕಣೆ. ಅದನ್ನ ಅವರಿಗೆ ವಾಪಸು ಕೊಡ್ಬೇಡ.”

ಕಿಟಕಿಯಲ್ಲಿ ಭಾವ. ಎಷ್ಟು ಹೊತ್ತಿಂದ ನಿಂತಿದ್ದರೋ. ಬೀಗದ ಕೈ ತಿರುಗುತ್ತಿಲ್ಲ. ಅಕ್ಕ ಅವರನ್ನು ನೋಡುತ್ತಲೇ ಕಾಲರಿನ ಚೂರು ಎತ್ತಿ ಬೆಳಕಿಗೆ ಹಿಡಿದಿದ್ದಾಳೆ. ಅಳತೆ ಸರಿ ಇದೆಯಾ ಎಂದು.

ನಾಲ್ಕೂವರೆ. ಒಕ್ಕಣೆ ಬಾಯಿಗೆ ಬಂದಿದೆ, ಇನ್ನೊಂದು ಬರೆಯಲು ಇನ್ನೂ ಹೊತ್ತಿದೆ. ಬರೆಯಲೇನು ಎಂದು ಪೆನ್ನು ಎತ್ತಿದೆ. ಅಕ್ಕ ಕೈ ಚಾಚಿದಳು, ತಿರುಗಿಯೂ ನೋಡದೆ —

“ಕಾಲರ್ ಆಯ್ತು. ಕಫ್‌ಗೆ ಇನ್ನೊಂದು ಹಾಳೆ ಕೊಡು.”

ಕೊಡುತ್ತಿದ್ದೇನೆ. ಬರೆಯದ ಹಾಳೆ. ಭಾವ ಬಾಗಿಲ ಕಡೆ ಬರುತ್ತಿದ್ದಾರೆ, ಏನೋ ಅನ್ನುತ್ತಿದ್ದಾರೆ, ಮೊದಲ ಸಲ ಅವಳ ಹೆಸರು ಹಿಡಿದು ಕರೆ—